ಎಂಟು ತಿಂಗಳ ಹಳೇ ಬಿಯರಿಗೆ ಒಂಬತ್ತು ಯೂರೋ

ಮೊನ್ನೆ ಶನಿವಾರ ಮ್ಯೂನಿಕ್ಕಿನ ನಮ್ಮ ಕನ್ನಡದ ಹುಡುಗರೆಲ್ಲ ಒಬ್ಬ ಗೆಳೆಯನ ಮನೇಲಿ ಸೇರಿದ್ವಿ. ಬಿಸಿಬೇಳೆಬಾತು, ಖಾರಾಬೂಂದಿ, ಹಿಂದಿನಿಂದ ರಾಜ್‌ಕುಮಾರ್ ಹಾಡು, ಎಲ್ಲಾ ಇತ್ತು. ಊಟಕ್ಕೆ ಮುಂಚೆ ಮನೆಯ ಯಜಮಾನ ಫ್ರಿಜ್ಜಿನ ಹಿಂದಿನ ಮೂಲೆಯಿಂದ ಒಂದು ಕ್ಯಾನ್ ತೆಗೆದು, ತೀರ್ಥದ ಬಟ್ಟಲು ಹಿಡಿದವನ ಹಾಗೆ ಎರಡೂ ಕೈಯಲ್ಲಿ ಹಿಡ್ಕೊಂಡು ಬಂದ.

"ಮಗಾ, ಇದು ಜರ್ಮನೀಲಿ ಸಿಗೋದೇ ಇಲ್ಲ. ಅಮೆರಿಕದ್ದು. ಡಬಲ್ ಐಪಿಎ. ಆನ್‌ಲೈನಲ್ಲಿ ತರ್ಸಿದೀನಿ. ಒಂದು ಕ್ಯಾನಿಗೆ ಒಂಬತ್ತು ಯೂರೋ."

ಆರು ಜನಕ್ಕೆ ಆ ಒಂದು ಕ್ಯಾನನ್ನು ಹಂಚಿದರು. ನಾನು ಖಾಲಿ ಕ್ಯಾನ್ ತಿರುಗಿಸಿ ತಳ ನೋಡಿದೆ. ತುಂಬಿಸಿ ಎಂಟು ತಿಂಗಳಾಗಿತ್ತು. ಕುಡಿದರೆ ಮಳೇಲಿ ನೆನೆದ ರಟ್ಟಿನ ಡಬ್ಬದ ವಾಸನೆ. ಒಬ್ಬ "ಮಾವಿನಹಣ್ಣಿನ ಫ್ಲೇವರ್ ಬರ್ತಿದೆ" ಅಂದ. ಇನ್ನೊಬ್ಬ "ಪೈನ್ ಮರದ ನೋಟ್ಸ್" ಅಂದ. ನಾನೂ "ಸೂಪರ್ ಗುರು" ಅಂದೆ. ಸುಳ್ಳು ಹೇಳಿದೆ. ಆ ಸುಳ್ಳಿನ ಪ್ರಾಯಶ್ಚಿತ್ತಕ್ಕೆ ಇದನ್ನು ಬರೀತಿದ್ದೇನೆ.

ತಮಾಷೆ ಏನು ಗೊತ್ತಾ? ಅದೇ ಮನೆಯ ಬಾಲ್ಕನಿಯಲ್ಲಿ ಇಪ್ಪತ್ತು ಬಾಟಲಿಯ ಒಂದು ಕ್ರೇಟ್ ಇತ್ತು. ಇದೇ ಊರಿನ ಬ್ರೂವರಿಯದ್ದು, ನಾಲ್ಕು ಮೆಟ್ರೋ ಸ್ಟೇಷನ್ ಆಚೆ ತಯಾರಾಗಿದ್ದು. ಅರ್ಧ ಲೀಟರಿನ ಬಾಟಲಿಗೆ ಒಂದು ಯೂರೋ ಆಸುಪಾಸು. ಅದನ್ನು ಇಟ್ಟಿದ್ದು "ಬಿಯರ್ ಬಗ್ಗೆ ಅಷ್ಟಾಗಿ ಗೊತ್ತಿಲ್ಲದವರಿಗೆ" ಅಂತೆ! ಆ ಬ್ರೂವರಿಯ ವಂಶಾವಳಿ 1328ಕ್ಕೆ ಹೋಗುತ್ತೆ. ನಮ್ಮ ವಿಜಯನಗರ ಸ್ಥಾಪನೆಯಾಗೋಕೆ ಇನ್ನೂ ಎಂಟು ವರ್ಷ ಇತ್ತು. ಅವರು ಜಾಹೀರಾತನ್ನೂ ಕೊಡೋದಿಲ್ಲ, ಅದಕ್ಕೇ ನಮ್ಮ ಹುಡುಗರಿಗೆ ಅದು ಸಾಮಾನ್ಯ ಬಿಯರ್.

ವಿದೇಶದಲ್ಲಿರೋ ನಮ್ಮ ಸಾಫ್ಟ್‌ವೇರ್ ಮಂದಿಗೆ ಇದೊಂದು ಹೊಸ ಕಾಯಿಲೆ. ಮ್ಯೂನಿಕ್ಕಿನಲ್ಲಿದ್ದವರಿಗೆ ಅಮೆರಿಕದ ಬಿಯರ್ ಬೇಕು. ಅಮೆರಿಕದಲ್ಲಿದ್ದವರಿಗೆ ಬೆಲ್ಜಿಯಮ್ಮಿನದು ಬೇಕು. ಬೆಂಗಳೂರಿನಲ್ಲಿದ್ದವರಿಗೆ ಮ್ಯೂನಿಕ್ಕಿನದು ಬೇಕು. ಕಾಲ ಕೆಳಗಿರೋದು ಮಾತ್ರ ಯಾರಿಗೂ ಬೇಡ. ಇದಕ್ಕೆ ರುಚಿ ಅನ್ನೋ ಹೆಸರು ಬೇರೆ ಕೊಟ್ಟಿದ್ದೇವೆ.

ರುಚಿಯ ವಿಚಾರವನ್ನೇ ಮೊದಲು ತಗೊಳ್ಳೋಣ. ಬಿಯರ್ ವೈನ್ ಅಲ್ಲ ಸ್ವಾಮಿ. ಕೆಲವು ಗಟ್ಟಿ ಬಿಯರುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಬ್ರೆಡ್ಡಿನ ಜಾತಿ. ಬೇಗ ಹಳಸುತ್ತೆ. ಅದರಲ್ಲೂ ಐಪಿಎಯ ಜೀವ ಇರೋದು ಹಾಪ್ಸ್ ಹೂವಿನ ಪರಿಮಳದಲ್ಲಿ. ಮಲ್ಲಿಗೆ ಹೂವನ್ನು ಎಂಟು ತಿಂಗಳು ಡಬ್ಬದಲ್ಲಿಟ್ಟು ಮುಡಿದರೆ ಹೇಗಿರುತ್ತೋ, ಹಳೇ ಐಪಿಎ ಹಾಗಿರುತ್ತೆ. ಕೆಲವೇ ತಿಂಗಳಲ್ಲಿ ಪರಿಮಳ ಇಳಿದುಹೋಗಿ ಕಹಿ ಮತ್ತು ಸಕ್ಕರೆಯ ಜಿಡ್ಡು ಮಾತ್ರ ಉಳಿಯುತ್ತೆ. ಹಡಗಿನ ಕಂಟೇನರ್, ಬಂದರಿನ ಗೋದಾಮು, ಕೊರಿಯರ್ ಗಾಡಿ, ಇವುಗಳಲ್ಲಿ ಬಿಸಿ ಹೆಚ್ಚಾದಷ್ಟೂ ಈ ಕೆಲಸ ಇನ್ನೂ ಬೇಗ ಆಗುತ್ತೆ.

ಬೆಳಕಿನ ಕಥೆ ಇನ್ನೊಂದು. ಬಿಸಿಲೋ ಟ್ಯೂಬ್‌ಲೈಟೋ ಬಿದ್ದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ಒಂದು ಸಂಯುಕ್ತ ಹುಟ್ಟುತ್ತೆ. ಅಮೆರಿಕದ ಸ್ಕಂಕ್ ಅನ್ನೋ ಪ್ರಾಣಿ ಬಿಡೋ ವಾಸನೆಯ ನೆಂಟ ಅದು. ಕಂದು ಬಾಟಲಿ ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತೆ. ಹಸಿರು ಬಾಟಲಿ, ಬಿಳಿ ಬಾಟಲಿ ತಡೆಯೋದಿಲ್ಲ. ಕಾಲೇಜು ಮುಗಿಸಿ ಬೆಂಗಳೂರಿಗೆ ಬಂದ ಹೊಸದರಲ್ಲಿ ಹಸಿರು ಬಾಟಲಿಯ ಆ ವಾಸನೆಯನ್ನೇ ನಾನು "ಇಂಪೋರ್ಟೆಡ್ ಬಿಯರಿನ ಟೇಸ್ಟು" ಅಂದ್ಕೊಂಡಿದ್ದೆ. ಕೆಟ್ಟ ವಾಸನೆಗೆ ಎರಡು ಪಟ್ಟು ದುಡ್ಡು ಕೊಟ್ಟು ಖುಷಿಪಟ್ಟಿದ್ದೆ.

ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಹೆಸರಲ್ಲೇ ನಮ್ಮ ದೇಶ ಇದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಾಡ್ಜ್‌ಸನ್ ಎಂಬ ಬ್ರೂವರ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಕಲ್ಕತ್ತಾ ಕಡೆಗೆ ಬಿಯರ್ ಕಳಿಸ್ತಿದ್ದ. ಹಾಪ್ಸ್ ಜಾಸ್ತಿ ಹಾಕಿದರೆ ಬೇಗ ಕೆಡೋದಿಲ್ಲ ಅನ್ನೋದು ಆಗಲೇ ಗೊತ್ತಿತ್ತು. ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕೂತು ಹದವಾಗೋ ಬಿಯರ್ ಅದು. ಇವತ್ತಿನ ಮಬ್ಬು ಬಣ್ಣದ ಐಪಿಎ ತದ್ವಿರುದ್ಧ. ಬ್ರೂವರಿಯ ಬಾಗಿಲಲ್ಲೇ ನಿಂತು ಆ ತಿಂಗಳೇ ಕುಡಿಯಲಿ ಅಂತ ಮಾಡಿದ್ದು. ಅದನ್ನು ಮಾಡಿದವನಿಗೆ ನಮ್ಮ ಗೆಳೆಯನ ಕ್ಯಾನ್ ತೋರಿಸಿದರೆ ಅವನೇ ತಲೆ ಚಚ್ಚಿಕೊಳ್ತಾನೆ.

ಇನ್ನು "ಇಂಪೋರ್ಟೆಡ್" ಅನ್ನೋ ಪದ. ಇದರಷ್ಟು ಮೋಸದ ಪದ ಮತ್ತೊಂದಿಲ್ಲ. ಜರ್ಮನಿಯ ಬ್ರೆಮೆನ್ ಊರಿನ ಬೆಕ್ಸ್ ಬಿಯರನ್ನು ಅಮೆರಿಕದವರು ಜರ್ಮನಿಯಿಂದ ಬಂದಿದ್ದು ಅಂತ ಕುಡೀತಿದ್ದರು. ಅದು ತಯಾರಾಗ್ತಿದ್ದದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಗ್ರಾಹಕರು ಕೋರ್ಟಿಗೆ ಹೋದ ಮೇಲೆ 2015ರಲ್ಲಿ ಕಂಪನಿ ರಾಜಿ ಮಾಡ್ಕೊಂಡು ದುಡ್ಡು ವಾಪಸ್ ಕೊಡೋಕೆ ಒಪ್ಪಿತು. ಇಂಗ್ಲೆಂಡಿನ ಇಂಡಿಯನ್ ರೆಸ್ಟೋರೆಂಟುಗಳಲ್ಲಿ ಕೋಬ್ರಾ ಅನ್ನೋ ಬಿಯರ್ ಇರುತ್ತೆ. ಅದು ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, ಮೈಸೂರ್ ಬ್ರೂವರೀಸ್‌ನಲ್ಲಿ, 1990ರಲ್ಲಿ. ಕೆಲವೇ ವರ್ಷಕ್ಕೆ ತಯಾರಿಕೆ ಇಂಗ್ಲೆಂಡಿಗೇ ಹೋಯಿತು. ಲಂಡನ್ನಿನಲ್ಲಿರೋ ಕನ್ನಡಿಗ ಊರಿನ ನೆನಪಾಗಿ ಅದನ್ನು ಕುಡಿದು ಕಣ್ಣೀರು ಹಾಕಿದರೆ, ಅದು ಇಂಗ್ಲೆಂಡಿನ ನೀರಿಗೆ ಹಾಕಿದ ಕಣ್ಣೀರು.

ಮತ್ತೆ ಈ "ಕ್ರಾಫ್ಟ್". ಅಮೆರಿಕದಲ್ಲಿ ಈ ಪದಕ್ಕೆ ಒಂದು ಕಾಲದಲ್ಲಿ ತೂಕ ಇತ್ತು, ಅದನ್ನು ಅಲ್ಲಗಳೆಯೋದಿಲ್ಲ. ಎಲ್ಲಾ ಕಡೆ ಒಂದೇ ಥರದ ತೆಳು ಲಾಗರ್ ಸಿಗ್ತಿದ್ದ ಕಾಲದಲ್ಲಿ, 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಮನೇಲಿ ಬಿಯರ್ ಮಾಡ್ಕೊಳ್ಳೋದಕ್ಕೆ ಕಾನೂನಿನ ಅನುಮತಿ ಕೊಟ್ಟರು. ಗ್ಯಾರೇಜಿನಲ್ಲಿ, ಅಡುಗೆಮನೇಲಿ ಬಿಯರ್ ಕುದಿಸಿದ ಎಷ್ಟೋ ಜನ ಮುಂದೆ ಬ್ರೂವರಿ ಕಟ್ಟಿದರು. ಸಣ್ಣವರು ದೊಡ್ಡವರನ್ನು ಅಲ್ಲಾಡಿಸಿದ ಕಥೆ ಅದು. ಆಮೇಲೆ ದೊಡ್ಡವರು ಸುಮ್ಮನಿದ್ರಾ? ಶಿಕಾಗೋದ ಗೂಸ್ ಐಲ್ಯಾಂಡನ್ನು 2011ರಲ್ಲಿ ಆನ್ಹ್ಯೂಸರ್ ಬುಶ್ ಇನ್‌ಬೆವ್ ಕೊಂಡಿತು. ಕ್ಯಾಲಿಫೋರ್ನಿಯಾದ ಲಗುನಿಟಾಸ್ 2017ರ ಹೊತ್ತಿಗೆ ಪೂರ್ತಿ ಹೈನೆಕೆನ್ ಕೈಗೆ ಬಂತು. ನಮ್ಮ ಕಿಂಗ್‌ಫಿಷರ್ ಮಾಡೋ ಯುನೈಟೆಡ್ ಬ್ರೂವರೀಸ್‌ನ ದೊಡ್ಡ ಪಾಲು 2021ರಿಂದ ಅದೇ ಹೈನೆಕೆನ್ ಹತ್ತಿರ ಇದೆ. ಅಂದರೆ ಬೆಂಗಳೂರಿನಲ್ಲಿ ಕಿಂಗ್‌ಫಿಷರ್ ಬೇಡ ಅಂತ ಮೂಗು ಮುರಿದು ಲಗುನಿಟಾಸ್ ಹುಡುಕೋನು ಅದೇ ಮನೆಯ ಹಿಂಬಾಗಿಲಿಗೆ ಹೋಗಿ ನಿಂತಿರ್ತಾನೆ.

ಅತಿ ಮಜಾ ಅಂದರೆ ಗೋಸೆ ಅನ್ನೋ ಬಿಯರಿನ ಕಥೆ. ಗೋಸ್ಲಾರ್ ಊರಲ್ಲಿ ಹುಟ್ಟಿ ಲೈಪ್ಸಿಗ್‌ನಲ್ಲಿ ಬೆಳೆದದ್ದು. ಗೋಧಿ, ಉಪ್ಪು, ಕೊತ್ತಂಬರಿ ಬೀಜ, ಮೇಲೆ ಹುಳಿ. ನಮ್ಮ ನೀರುಮಜ್ಜಿಗೆಯ ಅಣ್ಣ ಅಂತಲೇ ಇಟ್ಕೊಳ್ಳಿ. ಕೇಳೋರಿಲ್ಲದೆ 1966ರಲ್ಲಿ ಅದನ್ನು ಮಾಡ್ತಿದ್ದ ಕೊನೆಯ ಬ್ರೂವರಿ ಮುಚ್ಚಿತು. 1980ರ ದಶಕದಲ್ಲಿ ಲೈಪ್ಸಿಗ್‌ನ ಒಂದು ಹಳೇ ಗೋಸೆ ಅಂಗಡಿಯನ್ನು ಮತ್ತೆ ತೆರೆದವನೊಬ್ಬ ಹಟ ಹಿಡಿದು ಅದಕ್ಕೆ ಜೀವ ಕೊಟ್ಟ. ಆಮೇಲೆ ಅಮೆರಿಕದ ಹುಡುಗರು ಅದನ್ನು ಎತ್ತಿಕೊಂಡರು. ಈಗ ಗೋಸೆ ಅಮೆರಿಕದಿಂದ ಬಣ್ಣಬಣ್ಣದ ಕ್ಯಾನಿನಲ್ಲಿ ಜರ್ಮನಿಗೇ ಬರುತ್ತೆ. ಲೈಪ್ಸಿಗ್ ನಮ್ಮೂರಿಂದ ರೈಲಲ್ಲಿ ಮೂರೂವರೆ ಗಂಟೆ. ಅಲ್ಲಿಗೆ ಹೋಗೋ ಬದಲು ಕ್ಯಾನ್ ತರಿಸೋರು ನಾವು.

ನೀವು ಕೇಳಬಹುದು: ಹಾಗಾದ್ರೆ ವಿದೇಶದಲ್ಲಿರೋನು ಒಳ್ಳೆ ಬಿಯರ್ ಹುಡುಕೋದು ಹೇಗಪ್ಪಾ? ಹೇಳ್ತೀನಿ, ಇದಕ್ಕೆ ಆ್ಯಪೂ ಬೇಡ, ರೇಟಿಂಗೂ ಬೇಡ. ಮೊದಲು ತಾರೀಖು ನೋಡಿ. ಆಮೇಲೆ ಅಂಗಡಿಯವನು ಅದನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದಾನೋ ಕಿಟಕಿ ಪಕ್ಕದ ಬಿಸಿಲಲ್ಲೋ ನೋಡಿ. ಲೇಬಲ್ಲಿನ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಎಲ್ಲಿ ತಯಾರಾಗಿದೆ ಅಂತ ಓದಿ. ಅಷ್ಟು ಮಾಡಿದ ಮೇಲೆ ಕ್ಯಾನನ್ನು ವಾಪಸ್ ಇಟ್ಟು ರೈಲು ಹತ್ತಿ.

ಬಿಯರ್ ಊರಿನ ಪದಾರ್ಥ. ಬಾಂಬೆರ್ಗ್‌ಗೆ ಹೋಗಿ, ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಬಾರ್ಲಿಯಿಂದ ಮಾಡಿದ ರೌಖ್‌ಬಿಯರ್ ಕುಡೀರಿ. ಮೊದಲ ಗ್ಲಾಸು ಒಲೆ ಮುಂದೆ ಕೂತ ಅಜ್ಜಿ ಸೀರೆಯ ವಾಸನೆ ಅನ್ಸುತ್ತೆ. ಮೂರನೇದಕ್ಕೆ ಬಿಟ್ಟಿರೋಕೆ ಆಗೋಲ್ಲ. ಕೊಲೋನ್‌ಗೆ ಹೋಗಿ. ಅಲ್ಲಿ ಕೋಲ್ಷ್ ಬಿಯರನ್ನು 200 ಮಿಲಿಲೀಟರಿನ ಕಿರಿದಾದ ಗ್ಲಾಸಲ್ಲಿ ಕೊಡ್ತಾರೆ. ಗ್ಲಾಸು ಖಾಲಿ ಆಗ್ತಿದ್ದ ಹಾಗೆ ಕೇಳದೇನೇ ಇನ್ನೊಂದು ತಂದಿಡ್ತಾರೆ. ಬೇಡ ಅಂದರೆ ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚಬೇಕು. ನಮ್ಮೂರ ಮದುವೆ ಊಟದಲ್ಲಿ ಎಲೆಗೆ ಕೈ ಅಡ್ಡ ಇಡೋ ಹಾಗೆ. ಮ್ಯೂನಿಕ್ಕಿನ ಬಿಯರ್ ಗಾರ್ಡನ್‌ಗೆ ಹೋದರೆ ಬುತ್ತಿ ಕಟ್ಕೊಂಡು ಹೋಗಿ. 1812ರ ಒಂದು ರಾಜಾಜ್ಞೆಯ ಕಾಲದಿಂದಲೂ ಅಲ್ಲಿ ಊಟ ತಗೊಂಡು ಹೋಗೋ ರೂಢಿ ಇದೆ, ಈಗ ಅದಕ್ಕೆ ಕಾನೂನಿನ ಬಲವೂ ಇದೆ. ಚೆಸ್ಟ್‌ನಟ್ ಮರದ ಕೆಳಗೆ ಕೂತು ನಾವು ಚಪಾತಿ, ಎಣ್ಣೆಗಾಯಿ ತಿಂದಿದ್ದೇವೆ. ಪಕ್ಕದ ಮೇಜಿನ ಜರ್ಮನ್ ಅಜ್ಜಿ ರುಚಿ ನೋಡಿ ರೆಸಿಪಿ ಕೇಳಿದ್ದಾರೆ.

ಇವೆಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ತ್ಸೋಯ್ಗಲ್. ಜೆಕ್ ಗಡಿಗೆ ಹತ್ತಿರದ ಓಬರ್‌ಫಾಲ್ಟ್ಸ್ ಸೀಮೆಯಲ್ಲಿ ವಿಂಡಿಷ್‌ಎಷನ್‌ಬಾಖ್, ನೊಯ್‌ಹೌಸ್ ಅಂತ ಸಣ್ಣ ಊರುಗಳಿವೆ. ಅಲ್ಲಿ ಊರಿಗೆಲ್ಲ ಸೇರಿದ ಒಂದು ಬಿಯರ್ ಕುದಿಸೋ ಮನೆ ಇರುತ್ತೆ, ಕೆಳಗೆ ಸೌದೆ ಒಲೆ. ಹಕ್ಕಿರೋ ಮನೆಯವರು ಸರದಿ ಪ್ರಕಾರ ಅಲ್ಲಿ ಕುದಿಸಿ, ಅದನ್ನು ತಮ್ಮ ಮನೆಯ ನೆಲಮಾಳಿಗೆಗೆ ತಂದು ಹುದುಗಿಸ್ತಾರೆ. ಹದಕ್ಕೆ ಬಂದಾಗ ಮನೆ ಮುಂದೆ ಆರು ಮೂಲೆಯ ಒಂದು ನಕ್ಷತ್ರ ತೂಗುಹಾಕ್ತಾರೆ. ನಕ್ಷತ್ರ ಕಂಡರೆ ಒಳಗೆ ಹೋಗಬಹುದು. ಅವರ ಹಾಲಿನಲ್ಲೇ ಬೆಂಚು ಹಾಕಿರ್ತಾರೆ. ಟ್ರಾಕ್ಟರ್ ಓಡಿಸೋನು, ಬ್ಯಾಂಕ್ ಮ್ಯಾನೇಜರು, ನಾನು, ಎಲ್ಲಾ ಒಂದೇ ಬೆಂಚು. ಬಿಯರ್ ಮುಗಿದರೆ ನಕ್ಷತ್ರ ಇಳಿಸ್ತಾರೆ, ಮುಂದಿನ ಸರದಿ ಇನ್ನೊಬ್ಬರ ಮನೇದು. ಲೇಬಲ್ ಇಲ್ಲ, ಬಾಟಲಿ ಇಲ್ಲ, ಹೊರಗೆ ಹೋಗೋದೂ ಇಲ್ಲ. ಜರ್ಮನಿ ಇದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿ ಕಾಪಾಡ್ಕೊಂಡಿದೆ.

ಆ ಬೆಂಚಿನ ಮೇಲೆ ಕೂತಾಗ ನನಗೆ ನಮ್ಮ ತಾತ ನೆನಪಾದರು. ಇಲ್ಲಿಂದ ಮುಂದೆ ನನ್ನ ಜಗಳ ಶುರು.

ನಮ್ಮ ತಾತ ಹೆಂಡ ಇಳಿಸ್ತಿದ್ದರು. ಕೆರೆ ಹಿಂದಿನ ಈಚಲು ಮರಗಳಿಗೆ ಸಂಜೆ ಮಡಕೆ ಕಟ್ಟಿ, ಬೆಳಗಿನ ಜಾವ ಹತ್ತಿ ಇಳಿಸೋರು. ಚಿಕ್ಕ ಹುಡುಗ ನಾನು ಮರದ ಬುಡದಲ್ಲಿ ನಿಂತಿರ್ತಿದ್ದೆ. ಸೂರ್ಯ ಹುಟ್ಟೋ ಮುಂಚೆ ಅದು ಕಲ್ಲುಸಕ್ಕರೆ ನೀರು. ಗಾಳಿಯಲ್ಲಿ, ಮಡಕೆಯಲ್ಲಿ ಇರೋ ಈಸ್ಟ್ ತಾನಾಗಿ ಕೆಲಸ ಶುರು ಮಾಡುತ್ತೆ. ಹೊತ್ತೇರಿದ ಹಾಗೆ ನೊರೆ ಏಳುತ್ತೆ, ಮಧ್ಯಾಹ್ನಕ್ಕೆ ಹದ, ಸಂಜೆಗೆ ಹುಳಿ, ಮಾರನೇ ದಿನಕ್ಕೆ ವಿನೆಗರ್. ಅಮಲಿನ ಪ್ರಮಾಣ ಹೆಚ್ಚುಕಡಿಮೆ ಬಿಯರಿನಷ್ಟೇ. ಹೊಲದ ಕೆಲಸ ಮುಗಿಸಿ ಬಂದವರು ಒಂದು ಚೊಂಬು ಕುಡಿದು, ಹುರಿಗಡಲೆ ತಿಂದು, ಮನೆಗೆ ಹೋಗಿ ಮುದ್ದೆ ಉಂಡು ಮಲಗೋರು.

ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದರೆ "ನಮ್ಮದು ತೆಂಗಿನಕಾಯಿ ವ್ಯಾಪಾರ" ಅಂತಿದ್ದೆ. ನಾಲ್ಕು ವರ್ಷ ಅದೇ ಸುಳ್ಳು.

ಆಮೇಲೆ ಎಷ್ಟೋ ವರ್ಷಕ್ಕೆ ಬ್ರಸೆಲ್ಸಿಗೆ ಹೋದೆ. ಅಲ್ಲಿ ಕ್ಯಾಂಟಿಯಾನ್ ಅಂತ 1900ರಲ್ಲಿ ಶುರುವಾದ ಬ್ರೂವರಿ. ಅಲ್ಲಿಯ ಬಿಯರಿಗೆ ಲ್ಯಾಂಬಿಕ್ ಅಂತಾರೆ. ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ತೊಟ್ಟಿಗೆ ಸುರಿದು ರಾತ್ರಿಯಿಡೀ ಗಾಳಿಗೆ ಬಿಡ್ತಾರೆ. ಗಾಳಿಯಲ್ಲಿರೋ ಕಾಡು ಈಸ್ಟ್ ಬಂದು ಕೂರುತ್ತೆ. ಬೇರೆ ಈಸ್ಟ್ ಹಾಕೋದೇ ಇಲ್ಲ. ಚಳಿಗಾಲದ ಆಸುಪಾಸು ಮಾತ್ರ ಮಾಡ್ತಾರೆ, ಬೇಸಿಗೆಯಲ್ಲಿ ಮಾಡಿದರೆ ಕೆಡುತ್ತೆ. ಪೀಪಾಯಿಯಿಂದ ತೆಗೆದ, ನೊರೆಯಿಲ್ಲದ ಲ್ಯಾಂಬಿಕ್ಕನ್ನು ಗ್ಲಾಸಿಗೆ ಹಾಕಿ ಕೊಟ್ಟರು. ಒಂದು ಗುಟುಕು ಕುಡಿದೆ. ಹುಳಿ, ಒಗರು, ಹಿಂದೆ ಒಂದು ಮಣ್ಣಿನ ವಾಸನೆ. ಸುತ್ತಲಿದ್ದವರು ಕಣ್ಮುಚ್ಚಿ ಧ್ಯಾನ ಮಾಡ್ತಿದ್ದರು. ಜಪಾನಿನಿಂದ, ಅಮೆರಿಕದಿಂದ ಬಂದವರಿದ್ದರು. ನಾನು ಗ್ಲಾಸು ಹಿಡಿದು ನಿಂತೇ ಇದ್ದೆ. ತಾತನ ಸಾಯಂಕಾಲದ ಮಡಕೆಯ ರುಚಿ ಅದು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅಪ್ಪಾ, ಇಲ್ಲಿ ತಾತನ ಹೆಂಡದ ಥರದ್ದೇ ಕುಡಿದೆ. ಅದನ್ನ ಮ್ಯೂಸಿಯಮ್ ಮಾಡಿ ಇಟ್ಟಿದಾರೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನೆಲ್ಲ ಫೋನಲ್ಲಿ ಜೋರಾಗಿ ಹೇಳ್ಬೇಡ್ವೋ" ಅಂದರು.

ಬೆಲ್ಜಿಯಮ್ಮಿನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೋ 2016ರಲ್ಲಿ ಮನುಕುಲದ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ನಮ್ಮಪ್ಪ ಅವರಪ್ಪನ ಕಸುಬನ್ನು ಫೋನಲ್ಲಿ ಜೋರಾಗಿ ಹೇಳೋಕೆ ಹೆದರ್ತಾರೆ. ಈ ಎರಡರ ನಡುವೆ ಇರೋದು ರುಚಿಯ ವ್ಯತ್ಯಾಸ ಅಲ್ಲ ಕಣ್ರೀ. ಮರ್ಯಾದೆಯ ವ್ಯತ್ಯಾಸ.

ಈ ಶತಮಾನದ ಮೊದಲ ದಶಕದಲ್ಲೇ ಕರಾವಳಿ ಬಿಟ್ಟು ನಮ್ಮ ರಾಜ್ಯದ ಹೆಚ್ಚಿನ ಕಡೆ ಹೆಂಡ ನಿಂತಿತು. 2007ರ ಜುಲೈಯಲ್ಲಿ ಸಾರಾಯಿಯೂ ನಿಂತಿತು. ಕಾರಣ ಸುಳ್ಳಲ್ಲ. ಹೆಂಡದಂಗಡಿಗಳ ಹರಾಜು ಹಿಡಿದ ಕಾಂಟ್ರಾಕ್ಟರುಗಳಿಗೆ ಮರದಿಂದ ಇಳಿಯೋ ಹೆಂಡ ಸಾಲ್ತಿರಲಿಲ್ಲ. ನೀರು ಬೆರೆಸಿ, ಅಮಲಿಗೆ ಕ್ಲೋರಾಲ್ ಹೈಡ್ರೇಟ್ ಪುಡಿ ಬೆರೆಸಿ ಮಾರೋರು. ಜನ ಹಾಳಾದರು. ಸಾರಾಯಿಯ ವಿರುದ್ಧ ಹಳ್ಳಿ ಹಳ್ಳಿಯಲ್ಲಿ ಹೆಂಗಸರು ಬೀದಿಗೆ ಬಂದರು. ಅವರ ಸಿಟ್ಟು ನ್ಯಾಯವಾದದ್ದು. ನಮ್ಮ ದೊಡ್ಡಪ್ಪನೇ ಸಾರಾಯಿ ಕುಡಿದು ನಲವತ್ತಕ್ಕೆ ಹೋದರು. ದೊಡ್ಡಮ್ಮ ಕೂಲಿ ಮಾಡಿ ಮೂರು ಮಕ್ಕಳನ್ನು ಸಾಕಿದರು. ಹಾಗಾಗಿ ಕುಡಿತದ ಗುಣಗಾನ ಮಾಡೋಕೆ ನಾನಿಲ್ಲಿ ಕೂತಿಲ್ಲ.

ಆದರೆ ಆಮೇಲೆ ಏನಾಯ್ತು ಅದನ್ನೂ ಹೇಳಬೇಕಲ್ಲ? ಹೆಂಡ ಹೋದ ಜಾಗಕ್ಕೆ ಹಾಲು ಬರಲಿಲ್ಲ. ಟೆಟ್ರಾ ಪ್ಯಾಕ್ ಬಂತು. ಜ್ಯೂಸಿನ ಡಬ್ಬದ ಥರ 90 ಮಿಲಿಲೀಟರ್ ವಿಸ್ಕಿ. ಅಮಲು ಶೇಕಡಾ 42ಕ್ಕಿಂತ ಸ್ವಲ್ಪ ಮೇಲೆ. ಹೆಂಡಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು. ಊರಿಗೆ ಹೋದಾಗ ಹೊಲದ ಬದು, ಕೆರೆ ಏರಿ, ಶಾಲೆಯ ಕಾಂಪೌಂಡು, ಎಲ್ಲಿ ನೋಡಿದರೂ ಆ ಖಾಲಿ ಡಬ್ಬ. ಇದಕ್ಕೆ ಸರ್ಕಾರ ಇಟ್ಟ ಹೆಸರು ಕೇಳಿ: ಭಾರತದಲ್ಲಿ ತಯಾರಾದ ವಿದೇಶಿ ಮದ್ಯ! ಹಳ್ಳಿಯ ಬಡವನೂ ಇಂಪೋರ್ಟೆಡ್ ಕುಡಿಯೋ ಹಾಗೆ ಮಾಡಿದ್ದೇವೆ. ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ದಾಟಿದೆ. ಕುಡಿತ ನಿಲ್ಲಿಸಿದ ಸರ್ಕಾರದ ಲೆಕ್ಕ ಹೀಗಿರುತ್ತಾ?

ಜರ್ಮನಿಯಲ್ಲೂ ಕಲಬೆರಕೆ ಇತ್ತು. ಬಿಯರಿಗೆ ಕಂಡ ಕಂಡ ಸೊಪ್ಪು, ಬೇರು ಹಾಕೋರು. ಬವೇರಿಯಾದ ದೊರೆ 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್‌ನಲ್ಲಿ ಒಂದು ಕಟ್ಟಳೆ ಹೊರಡಿಸಿದ: ಬಾರ್ಲಿ, ಹಾಪ್ಸ್, ನೀರು, ಬೇರೇನೂ ಹಾಕಬಾರದು. ಬೆಲೆಯನ್ನೂ ನಿಗದಿ ಮಾಡಿದ. ತಪ್ಪಿ ನಡೆದವನ ಪೀಪಾಯಿ ಜಪ್ತಿ. ಆ ಕಟ್ಟಳೆಯಲ್ಲಿ ದೋಷ ಇಲ್ಲ ಅಂತಲ್ಲ. 1906ರಲ್ಲಿ ಅದನ್ನು ಇಡೀ ಜರ್ಮನಿಗೆ ಹೇರಿದಾಗ ಉತ್ತರದ ಎಷ್ಟೋ ಮಸಾಲೆ ಬಿಯರುಗಳಿಗೆ ಪೆಟ್ಟು ಬಿತ್ತು. ಆದರೆ ತಲೆಯೊಳಗಿನ ಲೆಕ್ಕ ಗಮನಿಸಿ. ಕಲಬೆರಕೆ ಮಾಡಿದವನನ್ನು ಹಿಡಿದರು, ಬಿಯರ್ ಉಳಿಯಿತು. ನಾವು ಪುಡಿ ಬೆರೆಸಿದ ಕಾಂಟ್ರಾಕ್ಟರನ್ನು ಬಿಟ್ಟು ಮರ ಹತ್ತೋನನ್ನು ಹಿಡಿದೆವು. ಕಾಂಟ್ರಾಕ್ಟರು ಬಾರ್ ಲೈಸೆನ್ಸ್ ತಗೊಂಡ. ನಮ್ಮ ತಾತ ಕೊಟ್ಟಿಗೆಯಲ್ಲಿ ಕತ್ತಿ ತುಕ್ಕು ಹಿಡಿಯೋದನ್ನು ನೋಡ್ತಾ ಕೂತರು.

ಇಲ್ಲಿಗೆ ನಮ್ಮ ಐಟಿ ಗೆಳೆಯರು ಎದ್ದು ನಿಲ್ತಾರೆ. "ಅದೆಲ್ಲ ಸರಿ ಗುರು, ಹೆಂಡ ಹೈಜೀನಿಕ್ ಅಲ್ಲ." ಅಲ್ಲಪ್ಪಾ, ಜೇಡರ ಬಲೆ ತುಂಬಿದ ಅಟ್ಟದಲ್ಲಿ ರಾತ್ರಿಯಿಡೀ ತೆರೆದಿಟ್ಟ ಲ್ಯಾಂಬಿಕ್ಕನ್ನು ಹತ್ತು ಯೂರೋ ಕೊಟ್ಟು ಕುಡೀತೀಯ. ಇಂದಿರಾನಗರದಲ್ಲಿ ರಾಗಿ ಬಿಯರಿಗೆ ಕ್ಯೂ ನಿಲ್ತೀಯ. ವೀಕೆಂಡಿಗೆ ಕೇರಳಕ್ಕೆ ಹೋಗಿ ಕಳ್ಳಂಗಡಿಯಲ್ಲಿ ಮರಗೆಣಸು, ಮೀನು ಸಾರು ತಿಂದು ಫೋಟೋ ಹಾಕ್ತೀಯ. ಮಂಗಳೂರಿನ ಕಡೆ ಹೋದರೆ ಕಳ್ಳು ಹಾಕಿ ಉಬ್ಬಿಸಿದ ಸಣ್ಣ ತಿಂದು ಮೆಚ್ಕೊಳ್ತೀಯ. ಹೈಜೀನು ಅಡ್ಡ ಬರೋದು ಚನ್ನಪಟ್ಟಣದ ಆಚೆ ಮಾತ್ರಾನಾ? ಬೇರೆಯವರ ಹಳ್ಳಿ ಆದರೆ ಆರ್ಟಿಸನಲ್, ನಮ್ಮ ಹಳ್ಳಿ ಆದರೆ ಕುಡುಕರ ಊರು.

ಪ್ರತಿ ನವೆಂಬರಿನಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ರತ್ನನ ಪದಗಳನ್ನು ಹಾಡ್ತೀವಿ. ರಾಜರತ್ನಂ ಬರೆದ, ಮೈಸೂರು ಅನಂತಸ್ವಾಮಿ ಹಾಡಿದ ಆ ಪದಗಳ ನಾಯಕ ಹೆಂಡ ಕುಡಿಯೋನು. ಕೋಟು ಹಾಕ್ಕೊಂಡು, ಕೈಯಲ್ಲಿ ಜರ್ಮನ್ ಬಿಯರ್ ಹಿಡ್ಕೊಂಡು ಅವನಿಗೆ ಚಪ್ಪಾಳೆ ಹೊಡೀತೀವಿ. ಆ ರತ್ನನೇ ಬಾಗಿಲಿಗೆ ಬಂದು ನಿಂತರೆ ಒಳಗೆ ಬಿಡ್ತೀವಾ? ನನಗೆ ಅನುಮಾನ ಇದೆ.

"ಹಾಗಾದ್ರೆ ಏನ್ಮಾಡೋಣ ಅಂತೀಯ?" ಅಂದರೆ, ಹಾಲು ಮಾರೋನ ಕಥೆಯೊಂದನ್ನು ಹೇಳ್ತೀನಿ. ಬೆಲ್ಜಿಯಮ್ಮಿನ ಹೂಗಾರ್ಡನ್ ಅನ್ನೋ ಹಳ್ಳಿಯಲ್ಲಿ ಗೋಧಿಯ ಬಿಳಿ ಬಿಯರ್ ಮಾಡೋ ಕೊನೆಯ ಬ್ರೂವರಿ 1957ರಲ್ಲಿ ಮುಚ್ಚಿತು. ಹುಡುಗನಾಗಿದ್ದಾಗ ಆ ಬ್ರೂವರಿಯಲ್ಲಿ ಓಡಾಡಿದ್ದ ಪಿಯೆರ್ ಸೆಲಿಸ್ ಎಂಬ ಹಾಲು ಮಾರೋನು ಆ ರುಚಿ ಮರೆಯೋಕೆ ಆಗದೆ, 1960ರ ದಶಕದ ನಡುವೆ ತನ್ನ ಕೊಟ್ಟಿಗೆಯಲ್ಲಿ ಮತ್ತೆ ಅದನ್ನು ಮಾಡಿದ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ ಅದೇ ಬಿಯರ್ ಇವತ್ತು ಬೆಂಗಳೂರಿನ ಪಬ್ಬಿನಲ್ಲಿ "ಇಂಪೋರ್ಟೆಡ್" ಆಗಿ ನಿಮ್ಮ ಮುಂದೆ ಬರುತ್ತೆ. ಅವನಿಗೆ ಅದು ಇಂಪೋರ್ಟೆಡ್ ಆಗಿರಲಿಲ್ಲ. ತನ್ನ ಬೀದಿಯ ಬಿಯರ್ ಆಗಿತ್ತು. ಸರ್ಕಾರ ಅವನಿಗೆ ನೀನು ಅಪರಾಧಿ ಅನ್ನಲಿಲ್ಲ, ಅದೂ ಮುಖ್ಯ.

ನಮ್ಮಲ್ಲಿ ಆ ಕೆಲಸ ಮಾಡೋಕೆ ಮರ ಹತ್ತೋರು ಇನ್ನೂ ಬದುಕಿದ್ದಾರೆ. ಬಹಳ ವರ್ಷ ಇರೋದಿಲ್ಲ. ಕೇಳಬೇಕಾದ್ದು ದೊಡ್ಡದೇನಲ್ಲ. ಹರಾಜು ಬೇಡ, ಕಾಂಟ್ರಾಕ್ಟರು ಬೇಡ. ಮರ ಹತ್ತೋನಿಗೇ ಲೈಸೆನ್ಸು ಕೊಡಿ. ಇಳಿಸಿದ ಊರಲ್ಲೇ, ಇಳಿಸಿದ ದಿನವೇ ಮಾರಲಿ. ಪುಡಿ ಬೆರೆಸಿದ್ದು ಸಿಕ್ಕರೆ ಜೈಲಿಗೆ ಹಾಕಿ. ಆ ಊರಿನ ಹೆಂಗಸರ ಸಭೆ ಬೇಡ ಅಂದರೆ ಆ ಊರಲ್ಲಿ ಬೇಡ, ಅವರ ಮಾತೇ ಕೊನೆ. ಒಂದು ಪಬ್ಬಿಗೆ ಒಳಗೇ ಬಿಯರ್ ಕುದಿಸೋಕೆ ಲೈಸೆನ್ಸ್ ಕೊಡೋ ಸರ್ಕಾರಕ್ಕೆ ಇದು ತಿಳಿಯದ ವಿದ್ಯೆ ಏನಲ್ಲ. ಪಬ್ಬಿನ ಪರವಾಗಿ ಮಾತಾಡೋಕೆ ನಾವಿದ್ದೇವೆ, ಈಚಲು ಮರದ ಪರವಾಗಿ ಯಾರೂ ಇಲ್ಲ. ಅಷ್ಟೇ ವ್ಯತ್ಯಾಸ.

ಆ ಶನಿವಾರದ ಗೆಳೆಯ ಇದನ್ನು ಓದಿ ಬೇಜಾರು ಮಾಡ್ಕೊಳ್ತಾನೆ ಅಂತ ಗೊತ್ತು. ಮಗಾ, ಮುಂದಿನ ಶನಿವಾರ ನಮ್ಮನೆಗೆ ಬಾ. ಇಪ್ಪತ್ತು ಬಾಟಲಿಯ ಕ್ರೇಟ್ ಇರುತ್ತೆ, ಇದೇ ಊರಿನದು, ಇದೇ ತಿಂಗಳಿನದು. ಒಂಬತ್ತು ಯೂರೋದ ಕ್ಯಾನ್ ತರಬೇಡ. ತಂದರೆ ಈ ಸಲ ಎಲ್ಲರ ಮುಂದೆ ತಿರುಗಿಸಿ ತಾರೀಖು ಓದ್ತೀನಿ.

ಮತ್ತೆ ಬರೋ ಮುಂಚೆ ಊರಿಗೊಂದು ಫೋನ್ ಮಾಡು. ನಿಮ್ಮೂರ ಕೆರೆ ಹಿಂದೆ ಈಚಲು ಮರ ಎಷ್ಟು ಉಳಿದಿದೆ, ಹತ್ತೋಕೆ ಬರೋರು ಎಷ್ಟು ಜನ ಇದ್ದಾರೆ ಅಂತ ನಿಮ್ಮಪ್ಪನನ್ನು ಕೇಳು. ಜೋರಾಗೇ ಕೇಳು.